ಬೆಂಕಿ ಇದೆ, ಬ್ಯಾರನ್ ಇಲ್ಲ

ಹನಗೋಡಿನ ಸಮುದಾಯ ಭವನದಲ್ಲಿ ನನ್ನ ಮಗಳು ಬೃಂದಾಳ ತಲೆಗೆ ಆ ಪೆಟ್ಟಿಗೆ ಕಟ್ಟಿದಾಗ ನನಗೆ ಬಂದ ಮೊದಲ ಯೋಚನೆ ಎಣ್ಣೆಯದು. ಬೆಳಿಗ್ಗೆ ನಾನೇ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ್ದೆ. ಪಟ್ಟಿಗೆಲ್ಲ ಜಿಡ್ಡಾದರೆ ಮೇಷ್ಟ್ರು ಏನೆಂದುಕೊಳ್ಳುತ್ತಾರೋ ಎಂದು ಕೂತಲ್ಲೇ ಮುಜುಗರವಾಯಿತು.

ಮೇಷ್ಟ್ರು ಎಂದರೆ ಮೈಸೂರಿನಿಂದ ಬಂದಿದ್ದ ಉಮಾಶಂಕರ. ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಗಳಿಗೆ ನಮ್ಮಲ್ಲಿ ಬ್ಯಾರನ್ ಎನ್ನುತ್ತಾರೆ. ಅವುಗಳಲ್ಲಿ ಕಾವು ಎಲ್ಲೆಲ್ಲಿ ಹೊರಗೆ ಹೋಗಿ ಸೌದೆ ದಂಡವಾಗುತ್ತದೆ ಎಂದು ಕಂಡುಹಿಡಿದು, ಆ ಸಂದುಗಳನ್ನು ಮುಚ್ಚುವುದನ್ನು ಕಲಿಸಲು ಯಾವುದೋ ಸಂಸ್ಥೆಯವರು ಅವರನ್ನು ಕಳಿಸಿದ್ದರು. ಎರಡು ಸಾವಿರದ ಆರನೇ ಇಸವಿ, ಸೊಪ್ಪು ಇನ್ನೂ ಹೊಲದಲ್ಲಿತ್ತು. ಉರಿಯುವ ಬ್ಯಾರನ್ನೊಳಗೆ ಹೊಸಬರನ್ನು ನಿಲ್ಲಿಸಿ ಪಾಠ ಹೇಳಲು ಆಗುವುದಿಲ್ಲವಲ್ಲ, ಅದಕ್ಕೇ ಈ ಪೆಟ್ಟಿಗೆ. ಕಂಪ್ಯೂಟರಿನಿಂದ ಅದರ ಎಡಕ್ಕೂ ಬಲಕ್ಕೂ ಒಂದೊಂದು ವೈರು ಬರುತ್ತಿತ್ತು. ಕಣ್ಣಿಗೆ ಕಟ್ಟಿಕೊಂಡರೆ ಬ್ಯಾರನ್ನಿನ ಒಳಗೇ ನಿಂತ ಹಾಗೆ. ತಲೆ ತಿರುಗಿಸಿದರೆ ಇನ್ನೊಂದು ಗೋಡೆ ಕಾಣುತ್ತಿತ್ತು, ಕಾವು ಹೊರಗೆ ಹೋಗುವ ಕಡೆಯಲ್ಲೆಲ್ಲ ಕೆಂಪಗೆ ಇರುತ್ತಿತ್ತು. ಅವರು ಅದನ್ನು ವರ್ಚುಯಲ್ ರಿಯಾಲಿಟಿ ಎಂದರು. ನಾವು ಪೆಟ್ಟಿಗೆ ಎಂದೆವು.

ಮೊದಲ ದಿನವೆಲ್ಲ ಗೊಂದಲವೇ. ಎಲ್ಲಿ ಸೋರುತ್ತಿದೆ ತೋರಿಸಿ ಎಂದು ಅವರು ಕೇಳಿದರೆ, ಪೆಟ್ಟಿಗೆ ಕಟ್ಟಿಕೊಂಡವರೆಲ್ಲ ಸೂರಿನ ಕಡೆ ಮುಖ ಎತ್ತುತ್ತಿದ್ದರು. ನಮ್ಮಲ್ಲಿ ಸೋರುವುದು ಮಳೆ ನೀರು. ಕಾವೂ ಸೋರುತ್ತದೆ, ಅದೂ ಗೋಡೆಯಲ್ಲಿ, ಬಾಗಿಲ ಸಂದಿನಲ್ಲಿ ಎಂದು ತಲೆಗೆ ಹತ್ತುವಷ್ಟರಲ್ಲಿ ಊಟದ ಹೊತ್ತಾಯಿತು.

ತರಬೇತಿ ಮುಗಿಸಿದವರಿಗೆ ಬ್ಯಾರನ್ ರಿಪೇರಿ ತಂಡದಲ್ಲಿ ವರ್ಷವಿಡೀ ಕೆಲಸ ಎಂದಿದ್ದರು. ನಾನೂ ಬೃಂದಾಳೂ ಸೊಪ್ಪಿನ ಕಾಲದಲ್ಲಿ ಕಡ್ಡಿಗೆ ಹಸಿ ಎಲೆ ಕಟ್ಟಲು ಹೋಗುವವರು. ನನ್ನ ಮೈಗೆ ಅದು ಒಗ್ಗಿಹೋಗಿದೆ. ಅವಳಿಗೆ ಒಗ್ಗಲಿಲ್ಲ. ಎಲೆಯ ಜಿಗುಟು ಕೈಗೆ ಅಂಟಿದರೆ ಸಾಕು, ಸಂಜೆಗೆ ತಲೆಸುತ್ತು, ವಾಂತಿ. ಮುದ್ದೆ ಇರಲಿ, ನೀರು ಮಜ್ಜಿಗೆಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಿದ್ದೂ ಮಾರನೆಯ ದಿನ ನನ್ನ ಹಿಂದೆಯೇ ಹೊರಡುತ್ತಿದ್ದಳು. ಈ ಕೆಲಸ ಸಿಕ್ಕಿದರೆ ಅವಳು ಎಲೆ ಮುಟ್ಟಬೇಕಾಗಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಎರಡನೇ ದಿನ ತಂಡಕ್ಕೆ ಯಾರು ಆಗುತ್ತಾರೆಂದು ಒಬ್ಬೊಬ್ಬರನ್ನೇ ಕರೆದು ನೋಡುತ್ತಿದ್ದರು. ಪೆಟ್ಟಿಗೆ ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಮೊದಲು ಒಂದು ಚಿತ್ರ ಬರುತ್ತಿತ್ತು. ಏನು ಕಾಣುತ್ತಿದೆ ಎಂದು ಕೇಳಿದರೆ ಎಲ್ಲರೂ ಹೇಳಿದ್ದು ಒಂದೇ: ಬ್ಯಾರನ್ನೊಳಗೆ ಬೆಂಕಿ.

"ಬೆಂಕಿ ಅದೆ ಸಾ," ಎಂದಳು ಬೃಂದಾ. "ಬ್ಯಾರನ್ ಎಲ್ಲದೆ?"

ಎಲ್ಲರೂ ನಕ್ಕರು. ಹುಣಸೂರಿನಲ್ಲಿ ಬ್ಯಾರನ್‌ಗಳಿಗೆ ತಗಡಿನ ಕೊಳವೆ ಮಾಡುವ ಲತೀಫ್ ನಮ್ಮ ಜೊತೆಯೇ ಕಲಿಯಲು ಬಂದಿದ್ದ. "ಸುಟ್ಟೋಗಿರಬೇಕು ಕಣಮ್ಮ," ಎಂದ. "ಮೇಷ್ಟ್ರು ಹುಲ್ಲಿನ ಸೂರು ಹಾಕ್ಸಿದ್ರೇನೋ."

ಉಮಾಶಂಕರ ಅವರು ತಿರುಪು ತಿರುವಿದರು, ಪಟ್ಟಿ ಬಿಗಿದರು, ಮತ್ತೆ ಕೇಳಿದರು. ಬೆಂಕಿ ಮಾತ್ರ. ಆಗ ಅವರು ವಿವರಿಸಿದರು. ಈ ಚಿತ್ರ ಒಂದಲ್ಲ, ಎರಡು. ಎಡಗಣ್ಣಿಗೆ ಬ್ಯಾರನ್ ಮಾತ್ರ, ಬಲಗಣ್ಣಿಗೆ ಬೆಂಕಿ ಮಾತ್ರ. ಎರಡು ಕಣ್ಣೂ ಸೇರಿಸಿ ನೋಡಿದಾಗ ಬ್ಯಾರನ್ನೊಳಗೆ ಬೆಂಕಿ ಇದ್ದ ಹಾಗೆ ಕಾಣುವುದು. ಎಡಗಡೆಯ ವೈರು ಸಡಿಲವಾಗಿದೆ ಎಂದು ಅದನ್ನು ಅದುಮಿ, ಲತೀಫನಿಗೆ ಕಟ್ಟಿದರು. ಅವನಿಗೆ ಎರಡೂ ಕಂಡವು. ಬೃಂದಾಳಿಗೆ ಕಟ್ಟಿದರು. ಬೆಂಕಿ ಮಾತ್ರ.

ಅವನ ತಲೆಯ ಮೇಲೆ ಸರಿ ಇರುವುದು ನನ್ನ ಮಗಳ ತಲೆಯ ಮೇಲೆ ಯಾಕೆ ಕೆಡಬೇಕು? ನಾನು ಎದ್ದು ಹೋಗಿ, ಎಣ್ಣೆ ಜಿಡ್ಡು ಇರಬೇಕು ಮೇಷ್ಟ್ರೇ ಎಂದು ಸೆರಗಿನಿಂದ ಆ ಗಾಜು ಒರೆಸಿದೆ. ಅವರು ನಗಲಿಲ್ಲ. ಇರಬಹುದು ಎಂದು ತಲೆಯಾಡಿಸಿದರು, ಅವರಿಗೂ ಅಷ್ಟು ದಿಕ್ಕು ತಪ್ಪಿತ್ತು.

ಬೃಂದಾ ನನ್ನ ಕೈ ಹಿಡಿದು ಪಿಸುಗುಟ್ಟಿದಳು. "ಅವ್ವ, ಬ್ಯಾರನ್ನೂ ಅದೆ ಅಂತ ಯೋಳ್ಬುಡ್ಲಾ?"

ಹೇಳಿಬಿಡು ಎಂದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಉಮಾಶಂಕರ ಅವರು ಎಡದ ವೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸಿ ಇನ್ನೊಮ್ಮೆ ನೋಡಮ್ಮ ಎಂದರು.

ಬೃಂದಾ ತಲೆ ಅತ್ತಿತ್ತ ತಿರುಗಿಸಿದಳು. "ಈಗ ಬ್ಯಾರನ್ ಬಂತು ಸಾ," ಎಂದಳು. "ಬೆಂಕಿ ಓಯ್ತು."

ಯಾರೋ ಮತ್ತೆ ನಕ್ಕರು. ಮೇಷ್ಟ್ರ ಕೈ ಮಾತ್ರ ವೈರಿನ ಮೇಲೆ ಹಾಗೇ ನಿಂತಿತು. ಇಷ್ಟು ಹೊತ್ತು ಯಂತ್ರವನ್ನು ನೋಡುತ್ತಿದ್ದವರು ಈಗ ನನ್ನನ್ನು ನೋಡಿದರು. ಇವಳ ಎಡಗಣ್ಣನ್ನು ಡಾಕ್ಟರಿಗೆ ಯಾವತ್ತಾದರೂ ತೋರಿಸಿದ್ದೀರಾ ಎಂದು ಮೆಲ್ಲಗೆ ಕೇಳಿದರು. ನನಗೆ ಸಿಟ್ಟೇ ಬಂತು. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ನನಗಿಂತ ಮೊದಲು ಅವಳಿಗೇ ಕಾಣುವುದು ಎಂದೆ. ಹಾಗೆಂದರೂ ನಾನೇ ಒಮ್ಮೆ ನೋಡಬೇಕೆನಿಸಿತು.

ಪೆಟ್ಟಿಗೆ ಬಿಚ್ಚಿಸಿದೆ. ಎಳೆಮಗುವಾಗಿದ್ದಾಗ ಆಡಿಸುತ್ತಿದ್ದ ಹಾಗೆ ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯಲ್ಲಿ ನನ್ನ ತಾಳಿ ಎತ್ತಿ ಹಿಡಿದು, ಇದೇನು ಹೇಳು ಮಗ ಎಂದೆ. ಅವಳು ಮೊದಲು ನಕ್ಕಳು. ಆಮೇಲೆ ನಗು ಹಾಗೇ ಇಳಿಯಿತು.

"ಬೆಳಕು ಅದೆ ಕಣವ್ವ. ನೀನೆಲ್ಲಿದ್ದೀಯ?"

ಅವಳ ಮುಖದ ಮುಂದೆಯೇ ಇದ್ದೆ. ನನ್ನ ಉಸಿರು ಅವಳಿಗೆ ತಾಗುತ್ತಿತ್ತು.

ಲತೀಫ್ ಎದ್ದು ಹೋಗಿ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟ. ಇವತ್ತಿಗೆ ಸಾಕು ಎಂದರು ಮೇಷ್ಟ್ರು. ಬೃಂದಾ ನೀರು ಕುಡಿದು, ಕಾವು ಹುಡುಕುವುದಕ್ಕೂ ಎರಡು ಕಣ್ಣು ಬೇಕೇ ಎಂದು ಅವರನ್ನು ಕೇಳಿದಳು. ಅವರು ಯೋಚಿಸಿ, ಅದಕ್ಕೆ ಬೇಡ, ಅಲ್ಲಿ ಎರಡು ಕಡೆಯೂ ಒಂದೇ ಬ್ಯಾರನ್ ಕಾಣುತ್ತದೆ ಎಂದರು.

"ಅಂಗಾರೆ ಕಟ್ಟಿ ಸಾ."

ಕಟ್ಟಿದರು. ಬಾಗಿಲ ಸಂದು ತೋರಿಸಿದಳು, ಕೊಳವೆ ಗೋಡೆ ದಾಟುವ ಕಡೆ ತೋರಿಸಿದಳು. ಸೂರಿನ ಒಂದು ಮೂಲೆ ಅವಳಿಗೆ ತಪ್ಪಿತು. ಅದು ಲತೀಫನಿಗೂ ತಪ್ಪಿತ್ತು. ನಾನು ಕಂಬ ಹಿಡಿದು ನಿಂತಿದ್ದೆ. ಅವಳು ಗೆಲ್ಲಲಿ ಎನ್ನಬೇಕೋ, ಆ ಪೆಟ್ಟಿಗೆ ಬಿಚ್ಚಿ ಎಸೆದು ಮನೆಗೆ ಕರೆದುಕೊಂಡು ಹೋಗಬೇಕೋ ತಿಳಿಯಲಿಲ್ಲ. ಕೊನೆಗೆ ಮೇಷ್ಟ್ರು, ಇವಳನ್ನು ತಂಡಕ್ಕೆ ತೆಗೆದುಕೊಳ್ಳುತ್ತೇನೆ, ಆದರೆ ಏಣಿ ಹತ್ತಿಸುವುದಿಲ್ಲ, ನೆಲದ ಮೇಲಿನ ಕೆಲಸ ಮಾತ್ರ, ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದರು.

ಮೈಸೂರಿನ ಡಾಕ್ಟರು ಬಹಳ ಹೊತ್ತು ನೋಡಿದರು. ಆ ಕಣ್ಣು ಹುಟ್ಟಿದಾಗಿನಿಂದ ನೋಡುವುದನ್ನೇ ಕಲಿತಿಲ್ಲ, ಈ ವಯಸ್ಸಿನಲ್ಲಿ ಕಲಿಸುವುದು ಕಷ್ಟ, ಇನ್ನೊಂದನ್ನು ಜೋಪಾನ ಮಾಡಿ ಎಂದರು. ಒಳ್ಳೆಯ ಕಣ್ಣಿಗೆ ಏಟು ಬೀಳದ ಹಾಗೆ ಕೆಲಸದ ಹೊತ್ತಿನಲ್ಲಿ ಹಾಕಿಕೊಳ್ಳಲು ದಪ್ಪ ಕನ್ನಡಕ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಬೃಂದಾಳೇ ನನಗೆ ಸಮಾಧಾನ ಹೇಳಿದಳು. ಇಷ್ಟು ವರ್ಷ ಗೊತ್ತಾಗದೇ ಇದ್ದದ್ದು ಇನ್ನು ಮುಂದೆ ಏನು ಮಾಡೀತು ಎಂದಳು.

ಹುಣಸೂರು ಬಸ್ಸು ಹತ್ತಿದೆವು. ಅವಳು ಯಾವಾಗಿನ ಹಾಗೆ ಎಡಗಡೆಯ ಕಿಟಕಿಗೆ ಹೋಗಿ ಕೂತಳು. ಆಗ ನೆನಪಾಯಿತು. ಎಲೆ ಕಟ್ಟುವ ಸಾಲಿನಲ್ಲೂ ಅವಳು ಎಡಗಡೆಯ ಕೊನೆಯಲ್ಲೇ ಕೂರುವುದು, ನಾವೆಲ್ಲ ಅವಳ ಬಲಕ್ಕೆ. ಮನೆಯಲ್ಲಿ ಊಟಕ್ಕೂ ಹಾಗೆಯೇ. ಅಂಚಿನಲ್ಲಿ ಗಾಳಿ ಬರುತ್ತದೆಂದು ಕೂರುತ್ತಾಳೆ ಅಂದುಕೊಂಡಿದ್ದೆ.

ಸ್ವಲ್ಪ ಈಚೆಗೆ ಬಾ, ನಾನು ಕಿಟಕಿಗೆ ಕೂರುತ್ತೇನೆ ಎಂದೆ. ಅವಳು ಸರಿದಳು. ನಾನು ಅವಳ ಎಡಕ್ಕೆ ಕೂತು ಅವಳ ಕೈ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡೆ.

"ಯಾಕವ್ವ, ವಾಂತಿ ಬಂದಂಗಾಯ್ತದಾ?" ಎಂದು ಅವಳು ಪೂರಾ ಈ ಕಡೆ ತಿರುಗಿ ನನ್ನ ಮುಖ ನೋಡಿದಳು.

"ಊಂ ಕಣ ಮಗ," ಎಂದೆ.