ಎರಡು ಬಾಗಿಲಿಗೆ ಒಂದೇ ಬೀಗ

ನಾನು ಒಂದು ಹಿತ್ತಾಳೆಯ ಬೀಗ. ಅಲಿಗಢದ ಇಕ್ಕಟ್ಟಾದ ಕೋಣೆಯೊಂದರಲ್ಲಿ, ಅರ ಉಜ್ಜುವ ಸದ್ದಿನ ನಡುವೆ ಹುಟ್ಟಿದೆ. ನನ್ನನ್ನು ಮಾಡಿದ ಮುದುಕ ಕಿವಿಯ ಹತ್ತಿರ ಹಿಡಿದು ನನ್ನ ಸದ್ದು ಕೇಳಿದ, ಮೆಚ್ಚಿ ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದ. ಯಾರಾದರೂ ಅಕ್ಕಸಾಲಿಗರು ನನ್ನನ್ನು ಕೊಳ್ಳಬಹುದೆಂದುಕೊಂಡಿದ್ದೆ. ಕೊಂಡವಳು ಚಂದ್ರಾಬಾಯಿ.

ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳು ಹೆಂಗಸರನ್ನಿಟ್ಟು ದಂಧೆ ನಡೆಸುತ್ತಿದ್ದಳು. ಹಿಂದಿನ ಕೋಣೆಗೆ, ಹೊರಗಿನಿಂದ, ನನ್ನನ್ನು ಹಾಕಿದಳು. ಒಳಗಿದ್ದವಳು ಫಕೀರವ್ವ. ಇಪ್ಪತ್ತೆರಡು ವರ್ಷದವಳು. ಮನೆಗೆಲಸ ಕೊಡಿಸುತ್ತೇನೆಂದು ಸೋದರತ್ತೆ ಕರೆತಂದು ಬಿಟ್ಟುಹೋಗಿದ್ದಳು. ಎರಡು ಸಲ ಓಡಿಹೋಗಿ ಸಿಕ್ಕಿಬಿದ್ದ ಮೇಲೆ ಅವಳ ಬಾಗಿಲಿಗೆ ನಾನು ಬಂದೆ.

"ನಿನ್ನ ಚಲೋದಕ್ಕ ಕೀಲಿ ಹಾಕತೀನಿ, ಖೋಡಿ," ಎನ್ನುತ್ತಿದ್ದಳು ಚಂದ್ರಾಬಾಯಿ. "ಹೊರಗಿನ ಮಂದಿ ನಿನ್ನ ಹರಕೊಂಡ ತಿಂತಾರ."

ಫಕೀರವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವಳು ಅತ್ತಾಗ ಹಲಗೆ ನಡುಗುತ್ತಿತ್ತು, ಹಲಗೆಯ ಜೊತೆಗೆ ನಾನೂ. ಗಟ್ಟಿಯಾಗಿರುವುದೇ ನನ್ನ ಗುಣವೆಂದು ಮುದುಕ ಕಲಿಸಿದ್ದ. ಆ ಗುಣದ ಬಗ್ಗೆ ನನಗೆ ಮೊದಲ ಸಲ ನಾಚಿಕೆಯಾಯಿತು.

ಗುರುವಾರ ಮಧ್ಯಾಹ್ನ ಜೀವರತ್ನಮ್ಮ ಬರುತ್ತಿದ್ದರು. ಮಿಶನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಚರ್ಚಿನ ಪರವಾಗಿ ಓಣಿಯ ಹೆಂಗಸರಿಗೆ ಔಷಧ ಹಂಚುತ್ತಿದ್ದರು. ಬಿಟ್ಟುಬರುತ್ತೇನೆ ಎಂದವರಿಗೆ ಊರಾಚೆ ಒಂದು ಆಸರೆ ಮನೆ ನಡೆಸುತ್ತಿದ್ದರು. ಎಲ್ಲರಿಗೂ ಅವರು ಅಕ್ಕೋರು.

"ಅಕ್ಕೋರ, ನೀವೊಂದು ವಾರ ಇಲ್ಲೇ ಇದ್ದಬಿಡ್ರಿ," ಎಂದು ಚಂದ್ರಾಬಾಯಿ ಎಲೆ ಅಡಿಕೆ ಜಗಿಯುತ್ತ ನಗುತ್ತಿದ್ದಳು. "ನಮ್ಮ ಗಿರಾಕಿಗಳು ಪ್ರಾರ್ಥನಾ ಆದ್ರೂ ಕಲೀಲಿ."

"ಮೊದಲ ನೀ ಕಲಿ. ಆಮ್ಯಾಲೆ ಅವರದು ನೋಡೂಣು," ಎನ್ನುತ್ತಿದ್ದರು ಅಕ್ಕೋರು, ಬಾಟಲಿಯ ಬಿರಡೆ ತೆಗೆಯುತ್ತ.

ಒಂದು ಗುರುವಾರ ಚಂದ್ರಾಬಾಯಿ ನೀರು ತರಲು ಆಚೆ ಹೋದಳು. ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು: "ಅಕ್ಕೋರ, ನನ್ನ ಕರಕೊಂಡ ಹೋಗ್ರಿ."

ಮರುದಿನ ಅಕ್ಕೋರು ಪೊಲೀಸರ ಜೊತೆ ಬಂದರು. ಚಂದ್ರಾಬಾಯಿ ನನ್ನನ್ನು ತೆರೆದು, ಸಿಟ್ಟಿನಿಂದ ಬೀಗದ ಕೈ ಸಮೇತ ಕಲ್ಲಿನ ಮೇಲೆ ಎಸೆದಳು. ಫಕೀರವ್ವ ನನ್ನನ್ನು ದಾಟಿಕೊಂಡು ಬಿಸಿಲಿಗೆ ಹೋದಳು. ಬಿಡುಗಡೆಯಾಯಿತು ಅಂದುಕೊಂಡೆ, ಅವಳಿಗೂ ನನಗೂ.

ಆದರೆ ಅಕ್ಕೋರು ಯಾವುದನ್ನೂ ಬಿಸಾಡುವವರಲ್ಲ. ಖಾಲಿ ಔಷಧದ ಬಾಟಲಿಯನ್ನೂ ತೊಳೆದು ಇಡುವ ಕೈ ಅದು. ಆಸರೆ ಮನೆಯ ಗೇಟನ್ನು ತಂತಿಯಿಂದ ಕಟ್ಟುತ್ತಿದ್ದರು. ಚಂದ್ರಾಬಾಯಿಯ ಆಳುಗಳು ಸುತ್ತಮುತ್ತ ತಿರುಗುತ್ತಿದ್ದರು. "ಹಿತ್ತಾಳಿ ಕೀಲಿ, ಗಟ್ಟಿ ಐತಿ," ಎಂದು ಅಕ್ಕೋರು ನನ್ನನ್ನು ಎತ್ತಿಕೊಂಡು, ಎಣ್ಣೆ ಬಿಟ್ಟು, ಆ ಗೇಟಿಗೇ ಹಾಕಿದರು.

ಬೆಳಿಗ್ಗೆ ಅಂಗಳ ಗುಡಿಸುತ್ತ ಬಂದ ಫಕೀರವ್ವ ನನ್ನನ್ನು ಕಂಡಳು. ಕೈಯ ಪೊರಕೆ ಕೆಳಗೆ ಬಿತ್ತು.

ಅಲ್ಲಿ ಊಟವಿತ್ತು, ಹೊಲಿಗೆ ಕಲಿಸುತ್ತಿದ್ದರು, ಯಾರೂ ಹೊಡೆಯುತ್ತಿರಲಿಲ್ಲ. ಆದರೂ ಅವಳು ಸೊರಗಿದಳು. ತಿಂಗಳು ಕಳೆದ ಮೇಲೆ ಕೇಳಿದಳು:

"ಅಕ್ಕೋರ, ಒಬ್ಬಾಕೀನ ಪ್ಯಾಟಿಗೆ ಹೋಗಿ ಬರ್ಲೇನ್ರಿ?"

"ಬ್ಯಾಡವಾ. ಆರು ತಿಂಗಳ ತನಕ ಯಾರನೂ ಬಿಡಂಗಿಲ್ಲ. ನಿನ್ನ ಚಲೋದಕ್ಕ ಹೇಳತೀನಿ."

"ಚಂದ್ರಾಬಾಯೀನೂ ಹಂಗ ಅಂತಿದ್ಲರಿ."

ಅಕ್ಕೋರ ಮುಖ ಕೆಂಪಾಯಿತು. "ನನ್ನ ಆಕೀಗೆ ಹೋಲಸ್ತೀ?" ಎಂದು ಒಳಗೆ ಹೋದರು.

ಆ ಭಾನುವಾರ ಎಲ್ಲರೂ ಹಜಾರದಲ್ಲಿ ಕೀರ್ತನೆ ಹಾಡುತ್ತಿದ್ದರು. ಫಕೀರವ್ವ ಅಡುಗೆಮನೆಯ ಮೊಳೆಯಿಂದ ಬೀಗದ ಕೈ ತಂದು ನನ್ನನ್ನು ತೆರೆದಳು. ಎಸೆಯಲಿಲ್ಲ, ಗೇಟಿನ ಕೊಂಡಿಗೆ ಮೆಲ್ಲಗೆ ತೂಗುಹಾಕಿದಳು. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ನಡೆದುಬಿಟ್ಟಳು. ಅಮುಕಿದರೆ ಮುಚ್ಚಿಕೊಳ್ಳುವ ಜಾತಿ ನನ್ನದಲ್ಲ. ನನಗಿದ್ದ ಬೀಗದ ಕೈ ಅದೊಂದೇ. ಹಾಗಾಗಿ ನಾನು ಬಾಯಿ ತೆರೆದೇ ಉಳಿದೆ.

ಅಕ್ಕೋರು ಕೀರ್ತನೆಯ ಪುಸ್ತಕ ಎದೆಗವಚಿಕೊಂಡು ಗೇಟಿನ ಬಳಿ ಬಹಳ ಹೊತ್ತು ನಿಂತರು. ನನ್ನನ್ನು ಅಂಗೈಯಲ್ಲಿ ಹಿಡಿದು, ಆಗ ತಾನೇ ಗುರುತು ಸಿಕ್ಕವರಂತೆ ನೋಡಿದರು. "ಕರ್ತನೇ, ಆಕೀನ್ನ ಕೂಡಿಹಾಕಿದ್ದ ಕೀಲೀನ ತಂದು ಆಕೀ ಮುಂದ ಹಾಕಿದೆನಲ್ಲ," ಎಂದರು.

ಚರ್ಚಿನ ಕಮಿಟಿಯವರು ಹೊಸ ಬೀಗ ತರಲು ಹೇಳಿದರು. ಅಕ್ಕೋರು ತರಲಿಲ್ಲ. ಒಳಗಿನಿಂದ ಯಾರು ಬೇಕಾದರೂ ತೆಗೆಯಬಹುದಾದ ಒಂದು ಅಗುಳಿ ಹಾಕಿಸಿ, ಹಗಲೆಲ್ಲ ಗೇಟಿನ ಪಕ್ಕ ತಾವೇ ಕುರ್ಚಿ ಹಾಕಿಕೊಂಡು ಕುಳಿತರು.

ಒಂಬತ್ತನೆಯ ದಿನ ಫಕೀರವ್ವ ಬಂದಳು. ಕಣ್ಣು ಕೆಂಪಗಿದ್ದವು; ಕೈಯಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ತೆರೆದ ಗೇಟಿನ ಆಚೆಯೇ ನಿಂತಳು.

"ಕೀಲಿ ಯಾಕ ಹಾಕಿಲ್ರಿ?"

"ಚಾವಿ ನಿನ್ನ ಕಡೆ ಐತಲ್ಲವಾ."

"ಇನ್ನೊಂದು ಕೀಲಿ ತರಬೇಕಿತ್ತು."

"ತಂದಿದ್ರ ನೀ ಹ್ಯಾಂಗ ಒಳಗ ಬರ್ತಿದ್ದಿ?"

ಫಕೀರವ್ವ ಹೇಳಿದಳು: "ಮೆಣಸಿನಕಾಯಿ ತೊಟ್ಟು ಬಿಡಸೂ ಕೆಲಸ ಹಿಡದೀನ್ರಿ. ದಿನಾ ಎಂಟಕ್ಕ ಹೋಗಬೇಕು."

"ರೊಟ್ಟಿ ಕಟಗೊಂಡು ಹೋಗು."

ಅವಳು ಒಳಗೆ ಬಂದಳು. ಬೀಗದ ಕೈ ಕೊಡಲಿಲ್ಲ. ಅಕ್ಕೋರು ಕೇಳಲೂ ಇಲ್ಲ.

ಈಗ ನಾನು ಕಿಟಕಿಯ ಕಟ್ಟೆಯ ಮೇಲಿದ್ದೇನೆ, ಹಸಿರು ಕಿಲುಬು ಹಿಡಿದು. ಬೀಗವಾಗಿ ಹುಟ್ಟಿ ಮುಚ್ಚಲಾರದೆ ಮುದಿಯಾದದ್ದಕ್ಕೆ ನನಗೆ ದುಃಖವಿಲ್ಲ. ನೋವು ಬೇರೆಯದು. ಓಣಿಯ ಆ ಮನೆ ಇನ್ನೊಬ್ಬಳ ಕೈಗೆ ಹೋಗಿದೆಯಂತೆ; ಹಿಂದಿನ ಕೋಣೆಗೆ ಹೊಸ ಬೀಗ ಬಂದಿದೆಯಂತೆ. ಗುರುವಾರ ಈಗ ಅಕ್ಕೋರ ಜೊತೆ ಫಕೀರವ್ವನೂ ಹೋಗುತ್ತಾಳೆ. ಒಳಗಿರುವವಳು ಇನ್ನೂ ಹೆಸರು ಹೇಳಿಲ್ಲ. ಹೋದ ವಾರ ಬಾಗಿಲ ಸಂದಿನಿಂದ ಎರಡು ಬೆರಳು ಹೊರಗೆ ಬಂದವಂತೆ. ಮನೆಯೊಡತಿ ಬಂದು ಗದರುವ ತನಕ ಫಕೀರವ್ವ ಅವನ್ನು ಹಿಡಿದುಕೊಂಡು ನಿಂತಿದ್ದಳಂತೆ.