ನಳಿಕೆಯಲ್ಲಿ ಉಳಿದದ್ದು

"ಇನ್ನೊಂದು ಸ್ವಲ್ಪ ತಡ್ಕೊಳ್ಳಿ," ಎಂದರು ಡಾಕ್ಟರಮ್ಮ. ಆ ಮಾತು ಅದಾಗಲೇ ಮೂರನೆಯ ಸಲ. ಹೊಟ್ಟೆ ಬಿರಿಯುವಷ್ಟು ನೀರು ಕುಡಿದು, ಕಾಲು ಮೇಲೆತ್ತಿ ಮಲಗಿದ್ದ ಇನ್‌ಸ್ಪೆಕ್ಟರಮ್ಮ ಗೋಡೆಯ ಗಡಿಯಾರ ನೋಡಿದಳು. ಇಪ್ಪತ್ತೆರಡು ನಿಮಿಷ. ಲ್ಯಾಬಿನಲ್ಲಿ ಬೆಳೆಸಿದ ಭ್ರೂಣವನ್ನು ಒಳಗೆ ಬಿಡುವ ಮೊದಲು ದಾರಿ ನೋಡಲು ಹಾಕುವ ಬರಿಯ ನಳಿಕೆಯೇ ಗರ್ಭಕೋಶದ ಬಾಯಲ್ಲಿ ತಡೆದು ನಿಂತಿತ್ತು.

ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸುವುದು ಅವಳ ಕೆಲಸ. ನಗುನಗುತ್ತಾ ಕುರ್ಚಿ ಎಳೆದುಕೊಡುವವನ ತಕ್ಕಡಿಯನ್ನೇ ಮೊದಲು ತಿರುವಿ ನೋಡಬೇಕೆಂದು ಹದಿನಾಲ್ಕು ವರ್ಷದಲ್ಲಿ ಕಲಿತಿದ್ದಳು. ಈ ಆಸ್ಪತ್ರೆಯಲ್ಲಿ ಎಲ್ಲರೂ ನಗುತ್ತಿದ್ದರು. ಹೋದ ಸಲವೂ ಹೀಗೇ ಎಳೆದಾಡಿ, ಲ್ಯಾಬಿನಾಕೆ ಎರಡೆರಡು ಸಲ ಒಳಗೆ ಹೋಗಿ ಬಂದು, ಕೊನೆಗೆ ಎಲ್ಲಾ ಸರಿಯಾಯಿತು ಎಂದಿದ್ದರು. ಗರ್ಭ ನಿಲ್ಲಲಿಲ್ಲ. ಅಂದಿನಿಂದ ಒಂದೇ ಹುಳ ತಲೆ ಕೊರೆಯುತ್ತಿತ್ತು: ಅವರು ಭ್ರೂಣವನ್ನು ಒಳಗೆ ಬಿಟ್ಟಿದ್ದಾದರೂ ನಿಜವೇ?

ಈಗಲೂ ಡಾಕ್ಟರಮ್ಮ, ಲ್ಯಾಬಿನಾಕೆ ಇಬ್ಬರೂ ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದರು.

"ಏನದು ಗುಸುಗುಸು? ನನ್ನ ಹೊಟ್ಟೆ ವಿಷಯ ತಾನೇ, ನನಗೂ ಕೇಳೋ ಹಾಗೆ ಮಾತಾಡಿ."

ಡಾಕ್ಟರಮ್ಮ ಕೈಗವಸು ಕಳಚಿದರು. "ದಾರಿ ತೀರಾ ಬಾಗಿದೆ. ಬಲವಂತ ಮಾಡಿದ್ರೆ ರಕ್ತ ಬರುತ್ತೆ. ಇನ್ನೊಂದು ಉಪಾಯ ಇದೆ. ಸ್ಕ್ಯಾನ್ ನೋಡ್ಕೊಂಡು ಗರ್ಭಕೋಶದ ಗೋಡೆಗೇ ಸೂಜಿ ಚುಚ್ಚಿ, ಅದರೊಳಗಿಂದ ಭ್ರೂಣ ಬಿಡೋದು. ಅಪರೂಪಕ್ಕೆ ಮಾಡ್ತೀವಿ. ಖಾತ್ರಿ ಅಂತೂ ಕೊಡಲ್ಲ."

"ಹೋದ ಸಲ ಏನಾಯ್ತು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ತೂಕ ಕದಿಯಲು ಬಟ್ಟಿನ ತಳ ಕೊರೆದ ಅಂಗಡಿಯವರು ಸಿಕ್ಕಿಬಿದ್ದಾಗ ನೋಡಿಕೊಳ್ಳುವುದೂ ಹೀಗೆಯೇ.

"ಭ್ರೂಣ ನಳಿಕೆಗೇ ಅಂಟಿಕೊಂಡು ವಾಪಸ್ ಬಂತು," ಎಂದಳು ಲ್ಯಾಬಿನಾಕೆ. "ಮತ್ತೆ ತುಂಬಿ ಕೊಟ್ಟೆ. ಎರಡನೇ ಸಲ ಒಳಗೆ ಹೋಯ್ತು. ಅದಕ್ಕೇ ಗರ್ಭ ನಿಲ್ಲಲಿಲ್ಲ ಅಂತ ಹೇಳೋಕಾಗಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ಯಜಮಾನರಿಗೆ ಅವತ್ತೇ ಹೇಳಿದ್ವಿ," ಎಂದರು ಡಾಕ್ಟರಮ್ಮ. "ಕೇಳಿದ್ರೆ ಕೊರಗ್ತಾಳೆ, ನಾನೇ ಸಮಯ ನೋಡಿ ಹೇಳ್ತೀನಿ ಅಂದ್ರು. ನಾವೇ ನಿಮಗೆ ಹೇಳ್ಬೇಕಿತ್ತು. ತಪ್ಪಾಯ್ತು."

ಅದಾಗಿ ಐದು ತಿಂಗಳು. ಅವಳು ಅನುಮಾನ ಎತ್ತಿದಾಗಲೆಲ್ಲ ಗಂಡ, "ಆಸ್ಪತ್ರೆನೂ ಕಿರಾಣಿ ಅಂಗಡಿ ಅಂದ್ಕೊಂಡ್ಯಾ?" ಎಂದು ತಮಾಷೆ ಮಾಡಿದ್ದ. ಅವಳೂ ನಕ್ಕು ಸುಮ್ಮನಾಗಿದ್ದಳು. ಎಲ್ಲರನ್ನೂ ಒರೆಗೆ ಹಚ್ಚಿದವಳು ಅವನೊಬ್ಬನನ್ನು ಬಿಟ್ಟಿದ್ದಳು.

"ಅವರನ್ನ ಕರೀಲಾ?" ನರ್ಸ್ ಕೇಳಿದಳು.

"ಬೇಡ. ಒಪ್ಪಿಗೆ ಕಾಗದ ಕೊಡಿ, ನಾನೇ ಓದಿ ಸಹಿ ಹಾಕ್ತೀನಿ. ಮಂಪರಿನ ಮದ್ದೂ ಬೇಡ. ನಾನು ನೋಡ್ಬೇಕು."

"ನೋವಾಗುತ್ತೆ."

"ಆಗ್ಲಿ."

ಇನ್ನು ನೀರು ತಡೆದುಕೊಳ್ಳಬೇಕಿಲ್ಲ ಎಂದಾಗ ಬಚ್ಚಲಿಗೆ ಹೋಗಿ ಹಗುರಾಗಿ ಬಂದು ಮತ್ತೆ ಮಲಗಿದಳು. ಸೂಜಿ ಹೊಕ್ಕಾಗ ಹಲ್ಲು ಕಚ್ಚಿದಳೇ ಹೊರತು ಸ್ಕ್ಯಾನಿನ ಮೇಲಿಟ್ಟ ಕಣ್ಣು ಕದಲಿಸಲಿಲ್ಲ. ಬೂದು ಬಣ್ಣದ ನಡುವೆ, ಭ್ರೂಣ ಇಳಿದ ಕಡೆ, ಒಂದು ಬಿಳಿ ಚುಕ್ಕೆ ಮೂಡಿ ನಿಂತಿತು. ಲ್ಯಾಬಿನಾಕೆ ನಳಿಕೆಯನ್ನು ಸೂಕ್ಷ್ಮದರ್ಶಕದಡಿ ನೋಡಿ, "ಖಾಲಿ ಇದೆ," ಎಂದಳು.

"ನನಗೂ ತೋರಿಸಿ."

ಲ್ಯಾಬಿನಾಕೆ ಬೇಸರಿಸದೆ ಮಾನಿಟರನ್ನು ಇತ್ತ ತಿರುಗಿಸಿದಳು. ತಿಳಿಯಾದ ದ್ರವ, ಬೇರೇನಿಲ್ಲ. ಇನ್‌ಸ್ಪೆಕ್ಟರಮ್ಮ ಬಹಳ ಹೊತ್ತು ನೋಡಿ ತಲೆಯಾಡಿಸಿದಳು.

ಪಕ್ಕದ ಕೋಣೆಯಲ್ಲಿ ಅವಳನ್ನು ಮಲಗಿಸಿ, ಮಂಚದ ಸುತ್ತ ಹಸಿರು ಪರದೆ ಎಳೆದು ನರ್ಸ್ ಹೋದಳು. ಸ್ವಲ್ಪ ಹೊತ್ತಿಗೆ ಪರದೆಯ ಕೆಳಗೆ ಗಂಡನ ಬೂಟುಗಳು ಬಂದು ನಿಂತವು. ಒಂದರ ಲೇಸು ಬಿಚ್ಚಿಹೋಗಿತ್ತು.

"ಡಾಕ್ಟರು ಹೇಳಿದ್ರು, ನಿಂಗೆ ಗೊತ್ತಾಯ್ತಂತೆ," ಎಂದ. "ಒಳಗೆ ಬರಲಾ?"

ಅವಳು ಆ ಬಿಚ್ಚಿದ ಲೇಸನ್ನೇ ನೋಡುತ್ತಾ ಮಲಗಿದ್ದಳು. ಬೂಟುಗಳು ಅರ್ಧ ಹೆಜ್ಜೆ ಮುಂದೆ ಬಂದು, ಮತ್ತೆ ಹಿಂದೆ ಸರಿದು, ಜೋಡಿಯಾಗಿ ಅಲ್ಲೇ ನಿಂತವು.