ಮೂರು ಚದರ ಮೀಟರಿನ ವಾದ

ಅಂದು ಆಮ್‌ಸ್ಟರ್‌ಡಾಮಿನ ನ್ಯಾಯಾಲಯದಲ್ಲಿ ವಾದ ನಡೆದದ್ದು ಒಂದು ಕಕ್ಕಸಿನ ಬಗ್ಗೆ. ನಗಬೇಡಿ, ಒಬ್ಬ ಮನುಷ್ಯನನ್ನು ರುಮೇನಿಯಾಕ್ಕೆ ಹಿಡಿದುಕೊಡಬೇಕೋ ಬೇಡವೋ ಎಂಬುದು ಅದರ ಮೇಲೆಯೇ ನಿಂತಿತ್ತು. ಜೈಲಿನಲ್ಲಿ ಕೈದಿಗೆ ತಲಾ ಮೂರು ಚದರ ಮೀಟರ್ ಜಾಗ ಸಿಗಬೇಕು. ಸಿಗುತ್ತದೆ ಎಂದು ಅಲ್ಲಿಂದ ಪತ್ರ ಬಂದಿತ್ತು. ಕಕ್ಕಸನ್ನೂ ಸೇರಿಸಿ ಅಳೆದರೋ, ಬಿಟ್ಟು ಅಳೆದರೋ, ಅದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ವಕೀಲೆ ಮಾರ್ಗ್ರೀತ್ ಹುಕ್ಸ್ತ್ರಾ ಇಪ್ಪತ್ತೆರಡು ವರ್ಷಗಳಿಂದ ಇಂಥವೇ ವಾದ ಮಾಡಿ ಬಸವಳಿದಿದ್ದಳು. ಈ ಸಲದ ಕಕ್ಷಿದಾರ ದೊರಿನ್ ಚೊಬಾನು, ಲಾರಿ ಚಾಲಕ. ಒಂಬತ್ತು ವರ್ಷಗಳ ಹಿಂದೆ ಕಳ್ಳ ಸಿಗರೇಟು ಸಾಗಿಸಿದನೆಂಬ ಅನುಮಾನ. ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಿ ಮಲಗಿದ್ದವನನ್ನು ರುಮೇನಿಯಾ ಹೊರಡಿಸಿದ್ದ ವಾರಂಟ್ ಮೇಲೆ ಡಚ್ ಪೊಲೀಸರು ಎಬ್ಬಿಸಿ ಒಳಗೆ ಹಾಕಿ ಏಳು ತಿಂಗಳಾಗಿತ್ತು. ಭೇಟಿಯಾದಾಗಲೆಲ್ಲ ಅವನದು ಒಂದೇ ಪ್ರಶ್ನೆ: "ಮನೆಗೆ ಯಾವಾಗ ಹೋಗ್ಬೋದು ಮೇಡಂ?"

"ಮೊದ್ಲು ಗೆಲ್ಲೋಣ ಇರಿ," ಎನ್ನುತ್ತಿದ್ದಳು.

"ಏನಮ್ಮಾ ಹುಕ್ಸ್ತ್ರಾ, ಇವತ್ತೂ ಕಕ್ಕಸು ಅಳೀತೀಯಾ?" ಸರ್ಕಾರಿ ವಕೀಲ ಬ್ರೆಗ್ಮನ್ ಅಂದು ನ್ಯಾಯಾಲಯದ ಬಾಗಿಲಲ್ಲೇ ಕಿಚಾಯಿಸಿದ.

"ಅಳೀದೆ ಇನ್ನೇನ್ ಮಾಡ್ಲಿ? ನೀನು ಮೊಹರು ಕಂಡ್ರೆ ಸಾಕು, ನಂಬಿಬಿಡ್ತೀಯ."

ಒಳಗೆ ಹೋಗಿ ಬ್ರೆಗ್ಮನ್ ಆ ನಂಬಿಕೆಯ ಮಾತನ್ನೇ ಗಂಭೀರವಾಗಿ ಹೇಳಿದ. ಒಂದೇ ಐರೋಪ್ಯ ಒಕ್ಕೂಟದ ದೇಶಗಳು ಒಬ್ಬರ ಮಾತನ್ನೊಬ್ಬರು ನಂಬದಿದ್ದರೆ ಆರೋಪಿಗಳೆಲ್ಲ ಗಡಿ ದಾಟಿ ಹಾಯಾಗಿರುತ್ತಾರೆ. ಅವಳು ಎದ್ದಳು. ನಂಬಿಕೆ ಇರಲಿ, ಆದರೆ ಕೈದಿ ಮಲಗುವುದು ನೆಲದ ಮೇಲೆ. ಎರಡು ಸಲ ಕೇಳಿದರೂ ಆ ನೆಲದ ಅಳತೆ ಬಂದಿಲ್ಲ. ಇಬ್ಬರಿಗೂ ಇಬ್ಬರ ವಾದವೂ ಬಾಯಿಪಾಠವಾಗಿತ್ತು.

ಎರಡು ವಾರದ ಮೇಲೆ ತೀರ್ಪು ಬಂತು: ಹಸ್ತಾಂತರವಿಲ್ಲ, ಕೂಡಲೇ ಬಿಡುಗಡೆ. ಇಂಥ ಗೆಲುವು ಅಪರೂಪ. ಅವನನ್ನು ಕರೆದೊಯ್ಯಲು ಅವಳೇ ಜೈಲಿನ ಗೇಟಿಗೆ ಹೋದಳು.

ದೊರಿನ್ ಚೀಲ ಹೊತ್ತು ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ಗೆಂಟ್‌ಗೆ ರೈಲು ಎಷ್ಟೊತ್ತಿಗಿದೆ ಮೇಡಂ?"

"ಬೆಲ್ಜಿಯಂಗಾ? ಯಾಕೆ?"

"ಯಾಕೆ ಅಂದ್ರೆ? ನಮ್ಮನೆ ಇರೋದೇ ಅಲ್ಲಿ. ಹನ್ನೊಂದು ವರ್ಷ ಆಯ್ತು. ಮಗಳ ಸ್ಕೂಲೂ ಅಲ್ಲೇ."

ವಿಳಾಸ ಕಡತದ ಎರಡನೆಯ ಪುಟದಲ್ಲೇ ಇತ್ತು. ವಾದಕ್ಕೆ ಉಪಯೋಗವಿಲ್ಲವೆಂದು ಪುಟ ತಿರುವಿ ಹಾಕಿದ್ದಳು. ಅವನ ಡಚ್ ಮಾತಿನಲ್ಲಿದ್ದ ಗೆಂಟ್ ಕಡೆಯ ರಾಗವನ್ನು ಏಳು ತಿಂಗಳು ಕೇಳಿದ್ದಳು. ನಿಮ್ಮ ಮನೆ ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ದೊರಿನ್, ಈ ತೀರ್ಪು ಈ ದೇಶಕ್ಕೆ ಮಾತ್ರ. ವಾರಂಟ್ ಇನ್ನೂ ಹಾಗೇ ಇದೆ. ಗಡಿ ದಾಟಿದ್ರೆ ಬೆಲ್ಜಿಯಂ ಪೊಲೀಸ್ರು ಹಿಡೀತಾರೆ. ಅಲ್ಲಿ ಮತ್ತೆ ಮೊದ್ಲಿಂದ ವಾದ. ಅಲ್ಲಿನ ಜಡ್ಜು ಆ ಪತ್ರ ನಂಬಿದ್ರೆ ಮುಗೀತು."

ಅವನು ಹೊತ್ತಿದ್ದ ಚೀಲ ಕೆಳಗಿಟ್ಟ. ಸಿಟ್ಟು ಮಾಡಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

"ಮೊದ್ಲೇ ಹೇಳಿದ್ದಿದ್ರೆ ನಾನೇ ರುಮೇನಿಯಾಕ್ಕೆ ಹೋಗಿ ಕೇಸು ಮುಗಿಸ್ಕೊಂಡು ಬರ್ತಿದ್ನಲ್ಲ ಮೇಡಂ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮಗಳು.

"ಹ್ಞೂ ಪುಟ್ಟೀ, ಗೆದ್ವಿ. ಬಿಟ್ಟುಬಿಟ್ರು," ಎಂದ. ಆಚೆಯ ಖುಷಿಯ ಕಿರುಚಾಟ ನಿಲ್ಲುವವರೆಗೂ ಫೋನನ್ನು ಕಿವಿಯಿಂದ ದೂರ ಹಿಡಿದ. "ಇಲ್ಲ ಕಣೇ, ಮನೆಗಲ್ಲ."